59 ವರ್ಷ ಸಂಸತ್ತಿನಲ್ಲಿ ಕೂತವರ ಬಗ್ಗೆ ಬರೆಯೋದು ಹೇಗೆ: ಜಾನ್ ಡಿಂಗಲ್ ಉದಾಹರಣೆ

ಅಮೆರಿಕದ ಮಿಷಿಗನ್ ರಾಜ್ಯದ ಡೆಮಾಕ್ರಟಿಕ್ ಪಕ್ಷದ ಸಂಸದ ಜಾನ್ ಡಿಂಗಲ್ ಬಗ್ಗೆ ನಾನು ಮೊದಲ ಸಲ ಬರೆದದ್ದು ಬಸ್ ಸ್ಟ್ಯಾಂಡಿನ ವೇಳಾಪಟ್ಟಿ ಇದ್ದ ಹಾಗಿತ್ತು. 1955ಕ್ಕೆ ಹತ್ತಿದರು, 1981ಕ್ಕೆ ಸಮಿತಿ ಅಧ್ಯಕ್ಷರಾದರು, 2015ಕ್ಕೆ ಇಳಿದರು. ಓದಿದ ಗೆಳೆಯನೊಬ್ಬ, "ಎಲ್ಲಾ ಸರಿ, ಈ ಮನುಷ್ಯ ಮಾಡಿದ್ದೇನು?" ಅಂತ ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಅಷ್ಟು ವರ್ಷ ಒಬ್ಬರು ಒಂದೇ ಕೆಲಸದಲ್ಲಿದ್ದರೆ ತಾರೀಖುಗಳೇ ಎಷ್ಟೊಂದು ಸಿಗುತ್ತವೆ ಅಂದರೆ, ಅವುಗಳ ಹಿಂದೆ ಮನುಷ್ಯ ಕಾಣದೇ ಹೋಗುತ್ತಾರೆ. ಆಮೇಲೆ ಅದನ್ನು ಹರಿದು ಹಾಕಿ ಮತ್ತೆ ಬರೆದೆ. ಆ ಎರಡನೇ ಸಲ ಕಲಿತದ್ದನ್ನು ಇಲ್ಲಿ ಹೇಳುತ್ತೇನೆ. ನೀವು ಅಮೆರಿಕದ ಯಾವುದೇ ಹಳೇ ಸಂಸದರ ಬಗ್ಗೆ ಬರೆಯುವುದಿದ್ದರೂ ಉಪಯೋಗಕ್ಕೆ ಬರಬಹುದು, ಕಾಲೇಜಿನ ಪ್ರಾಜೆಕ್ಟ್ ಇರಲಿ, ಪತ್ರಿಕೆಯ ಲೇಖನ ಇರಲಿ.

ಮೊದಲಿಗೆ ಒಂದು ಮಾತು. ಅಮೆರಿಕದಲ್ಲಿ ಕಾಂಗ್ರೆಸ್ ಅಂದರೆ ಸಂಸತ್ತು, ಪಕ್ಷ ಅಲ್ಲ. ಇದನ್ನು ಮೊದಲ ಪ್ಯಾರಾದಲ್ಲೇ ಹೇಳಿಬಿಡಿ. ಇಲ್ಲದಿದ್ದರೆ ಓದುವವರು "ಡೆಮಾಕ್ರಟಿಕ್ ಪಕ್ಷದವರು ಕಾಂಗ್ರೆಸ್ಸಿಗೆ ಹೇಗೆ ಹೋದರು" ಅಂತ ತಲೆ ಕೆರೆದುಕೊಳ್ಳುತ್ತಾರೆ. ಅದರಲ್ಲಿ ಎರಡು ಮನೆ. ಸೆನೆಟ್ ಮೇಲ್ಮನೆ, ಅವಧಿ 6 ವರ್ಷ. ಹೌಸ್ ಆಫ್ ರೆಪ್ರೆಸೆಂಟೆಟಿವ್ಸ್ ಕೆಳಮನೆ, ಅವಧಿ ಬರೀ 2 ವರ್ಷ. ಡಿಂಗಲ್ ಇದ್ದದ್ದು ಹೌಸಿನಲ್ಲಿ. ಅಂದರೆ ಎರಡೆರಡು ವರ್ಷಕ್ಕೆ ಒಂದು ಚುನಾವಣೆ, 1956ರಿಂದ 2012ರವರೆಗೆ ಒಟ್ಟು 29 ಸಲ, ಅದಕ್ಕೂ ಮುಂಚೆ ಒಂದು ಉಪಚುನಾವಣೆ. ಒಂದರಲ್ಲೂ ಸೋಲಲಿಲ್ಲ. ಇನ್ನು ಹೆಸರು. ಅದು ಡಿಂಗಲ್. ಡಿಂಜೆಲ್ ಅಲ್ಲ. ಹೆಸರಿನ ಬಗ್ಗೆ ಅನುಮಾನ ಬಂದರೆ ಹೌಸ್ ಕಲಾಪದ ಹಳೇ ವಿಡಿಯೋ ಹಾಕಿ ಕೇಳಿ. ಸಿ-ಸ್ಪ್ಯಾನ್ ಚಾನೆಲ್ 1987ರಿಂದ ಈಚಿನದ್ದನ್ನು ಇಟ್ಟಿದೆ.

ಹೆಸರು ಅಂದರೆ ಇನ್ನೊಂದು ಗುಂಡಿ ಇದೆ, ನಾನು ನೇರವಾಗಿ ಬಿದ್ದೆ. ಅಪ್ಪನ ಹೆಸರೂ ಜಾನ್ ಡಿಂಗಲ್, ಮಗನ ಹೆಸರೂ ಜಾನ್ ಡಿಂಗಲ್. ಅಪ್ಪ 1933ರಿಂದ 1955ರಲ್ಲಿ ಸಾಯುವವರೆಗೆ ಡೆಟ್ರಾಯಿಟ್‌ನಿಂದ ಅದೇ ಹೌಸಿನಲ್ಲಿದ್ದರು. 1943ರಲ್ಲಿ ವ್ಯಾಗ್ನರ್-ಮರ್ರೆ-ಡಿಂಗಲ್ ಮಸೂದೆ ಅಂತ ಒಂದು ಬಂತು, ದೇಶದ ಎಲ್ಲರಿಗೂ ಆರೋಗ್ಯ ವಿಮೆ ಕೊಡಬೇಕು ಅನ್ನುವ ಮಸೂದೆ. ಅದನ್ನು ನಾನು ಮಗನ ಖಾತೆಗೆ ಬರೆದುಬಿಟ್ಟಿದ್ದೆ. 1943ರಲ್ಲಿ ಮಗನಿಗೆ 17 ವರ್ಷ! ಹಾಗಾಗಿ ಪ್ರತಿ ಸಾಧನೆಯ ಪಕ್ಕ ಆ ವರ್ಷ ಅವರ ವಯಸ್ಸೆಷ್ಟು ಅಂತ ಬರೆದಿಟ್ಟುಕೊಳ್ಳಿ. ಹುಟ್ಟಿದ್ದು 1926ರ ಜುಲೈ 8. ಚಿಕ್ಕ ಲೆಕ್ಕ, ಆದರೆ ಮಾನ ಉಳಿಸುತ್ತದೆ.

ಸೇವೆಯ ಅವಧಿಯನ್ನೂ ಸುಮ್ನೆ "60 ವರ್ಷ" ಅಂತ ಹಾಕಬೇಡಿ. ಅಪ್ಪ ತೀರಿಕೊಂಡ ಮೇಲೆ ನಡೆದ ಉಪಚುನಾವಣೆಯಲ್ಲಿ ಮಗ ಗೆದ್ದದ್ದು 1955ರ ಡಿಸೆಂಬರ್ 13ರಂದು, ಆಗ ವಯಸ್ಸು 29. ಕೊನೆಯ ದಿನ 2015ರ ಜನವರಿ 3. ಒಟ್ಟು 59 ವರ್ಷ 21 ದಿನ. ಅಮೆರಿಕದ ಚರಿತ್ರೆಯಲ್ಲಿ ಇದಕ್ಕಿಂತ ಜಾಸ್ತಿ ದಿನ ಕಾಂಗ್ರೆಸ್ಸಿನಲ್ಲಿ ಕೂತವರು ಇಲ್ಲ. ಅಧ್ಯಕ್ಷರ ಲೆಕ್ಕದಲ್ಲಿ ಹೇಳುವುದಾದರೆ ಐಸೆನ್‌ಹೋವರ್‌ರಿಂದ ಒಬಾಮಾವರೆಗೆ 11 ಜನ. ದಾಖಲೆಯಲ್ಲೂ ಎರಡು ಬಗೆ ಇದೆ, ಕಲಸಬೇಡಿ. ಹೌಸ್ ಒಂದರ ದಾಖಲೆಯನ್ನು ಡಿಂಗಲ್ 2009ರಲ್ಲೇ ಮುರಿದಿದ್ದರು, ಅದಕ್ಕೆ ಮುಂಚೆ ಅದು ಮಿಸಿಸಿಪ್ಪಿಯ ಜೇಮಿ ವಿಟನ್ ಹೆಸರಿನಲ್ಲಿತ್ತು. ಎರಡೂ ಮನೆ ಸೇರಿದ ದಾಖಲೆ ವೆಸ್ಟ್ ವರ್ಜೀನಿಯಾದ ರಾಬರ್ಟ್ ಬರ್ಡ್ ಅವರದ್ದು. ಅದು ಮುರಿದದ್ದು 2013ರ ಜೂನ್ 7ರಂದು.

ಕ್ಷೇತ್ರದ ನಂಬರ್ ನೋಡಿದರಂತೂ ತಲೆ ತಿರುಗುತ್ತದೆ. ಮಿಷಿಗನ್ 15, ಆಮೇಲೆ 16, ಮತ್ತೆ 15, ಕೊನೆಗೆ 12. ಇವರೇನು ಕ್ಷೇತ್ರ ಬಿಟ್ಟು ಕ್ಷೇತ್ರಕ್ಕೆ ಹಾರಿದವರಲ್ಲ. ಅಲ್ಲಿ 10 ವರ್ಷಕ್ಕೊಮ್ಮೆ ಜನಗಣತಿ ಆದ ಮೇಲೆ ಗೆರೆಗಳನ್ನು ಹೊಸದಾಗಿ ಎಳೆಯುತ್ತಾರೆ. ಡೆಟ್ರಾಯಿಟ್ ಸುತ್ತ ಜನಸಂಖ್ಯೆ ಕರಗಿದಂತೆ ಕ್ಷೇತ್ರಗಳೂ ಒಂದರೊಳಗೊಂದು ಸೇರಿಹೋದವು. ಈ ಗೆರೆಗಳನ್ನು ನಿರ್ಲಕ್ಷಿಸಬೇಡಿ. ದೀರ್ಘಕಾಲ ಇದ್ದ ಸಂಸದರಿಗೆ ನಿಜವಾದ ಗಂಡಾಂತರ ಬರುವುದು ಎದುರು ಪಕ್ಷದಿಂದ ಅಲ್ಲ, ಇಂಥ ಹೊಸ ಗೆರೆಯಿಂದ. ಒಂದೇ ಪಕ್ಷದ ಇಬ್ಬರು ಹಾಲಿ ಸಂಸದರು ಒಂದೇ ಕ್ಷೇತ್ರದಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ, ಆಗ ಪ್ರೈಮರಿಯಲ್ಲಿ, ಅಂದರೆ ಪಕ್ಷದೊಳಗಿನ ಚುನಾವಣೆಯಲ್ಲಿ, ಒಬ್ಬರು ಮನೆಗೆ ಹೋಗಲೇಬೇಕು.

ಡಿಂಗಲ್‌ಗೆ ಹೀಗಾದದ್ದು ಎರಡು ಸಲ, 1964ರಲ್ಲಿ ಮತ್ತು 2002ರಲ್ಲಿ. ಬರೆಯಬೇಕಾದದ್ದು 1964ರದ್ದು. ಎದುರಾಳಿ ಜಾನ್ ಲೆಸಿನ್‌ಸ್ಕಿ, ಇವರ ಹಾಗೇ ಡೆಮಾಕ್ರಟ್, ಇವರ ಹಾಗೇ ಪೋಲಿಷ್ ಮೂಲದವರು, ಇವರ ಹಾಗೇ ಅಪ್ಪನ ಹೆಸರನ್ನೂ ಅಪ್ಪನ ದಾರಿಯನ್ನೂ ಹಿಡಿದು ಬಂದವರು. ಒಂದೇ ವ್ಯತ್ಯಾಸ. ಆ ವರ್ಷ ಕಪ್ಪು ಜನರಿಗೆ ಸಮಾನ ಹಕ್ಕು ಕೊಡುವ ಸಿವಿಲ್ ರೈಟ್ಸ್ ಕಾಯ್ದೆ ಬಂತು. ಲೆಸಿನ್‌ಸ್ಕಿ ಅದರ ವಿರುದ್ಧ ಮತ ಹಾಕಿದರು, ಡಿಂಗಲ್ ಪರವಾಗಿ ಹಾಕಿದರು. ಗೆದ್ದದ್ದು ಡಿಂಗಲ್. ನನಗೆ ಕೇಳಿದರೆ ಅವರ 30 ಚುನಾವಣೆಗಳಲ್ಲಿ ಒಂದನ್ನೇ ಹೇಳಬೇಕು ಅಂದರೆ ಇದೇ. ಉಳಿದ ಹೆಚ್ಚಿನವು ಸುಲಭದ ಗೆಲುವುಗಳು, ಒಂದು ವಾಕ್ಯದಲ್ಲಿ ಮುಗಿಸಿ.

ಈಗ ಮುಖ್ಯ ವಿಷಯಕ್ಕೆ ಬರೋಣ. ಅಮೆರಿಕದ ಸಂಸದರನ್ನು ತಿಳಿಯಬೇಕು ಅಂದರೆ ಭಾಷಣ ಓದಬೇಡಿ, ಸಮಿತಿ ನೋಡಿ. ನಮ್ಮಲ್ಲಿ ಸಂಸದೀಯ ಸಮಿತಿ ಅಂದರೆ ವರದಿ ಕೊಟ್ಟು ಎದ್ದು ಹೋಗುವ ಜಾಗ ಅನ್ನುವ ಭಾವನೆ ಇದೆ. ಅಲ್ಲಿ ಹಾಗಲ್ಲ. ಹೌಸಿಗೆ ಬಂದ ಮಸೂದೆ ಮೊದಲು ಸಮಿತಿಗೆ ಹೋಗುತ್ತದೆ, ಮತ್ತು ಬಹುಪಾಲು ಮಸೂದೆಗಳು ಅಲ್ಲೇ ಸಾಯುತ್ತವೆ. ಯಾವುದರ ಮೇಲೆ ವಿಚಾರಣೆ ನಡೆಸಬೇಕು, ಯಾವುದನ್ನು ಮತಕ್ಕೆ ಹಾಕಬೇಕು, ಯಾವುದನ್ನು ಡ್ರಾಯರಿನಲ್ಲಿ ಇಟ್ಟು ಮರೆಯಬೇಕು, ಇದೆಲ್ಲ ಬಹುಮಟ್ಟಿಗೆ ಸಮಿತಿ ಅಧ್ಯಕ್ಷರ ಕೈಯಲ್ಲಿ. ಯಾರನ್ನಾದರೂ ಕರೆಸಿ ಪ್ರಮಾಣ ಮಾಡಿಸಿ ಪ್ರಶ್ನೆ ಕೇಳುವ ಅಧಿಕಾರವೂ ಇರುತ್ತದೆ. ಡಿಂಗಲ್ ಎನರ್ಜಿ ಆಂಡ್ ಕಾಮರ್ಸ್ ಸಮಿತಿಯ ಅಧ್ಯಕ್ಷರಾಗಿದ್ದದ್ದು 1981ರಿಂದ 1995, ಮತ್ತೆ 2007ರಿಂದ 2009. ತೈಲ, ವಿದ್ಯುತ್, ಔಷಧ, ಗಾಳಿ, ಫೋನು, ರೈಲು, ಆಸ್ಪತ್ರೆ, ಇವೆಲ್ಲ ಒಂದೇ ಸಮಿತಿಯ ಬುಟ್ಟಿಯಲ್ಲಿ. ನಿಮ್ಮ ಸಮಿತಿಯ ವ್ಯಾಪ್ತಿ ಎಷ್ಟು ಅಂತ ಯಾರಾದರೂ ಕೇಳಿದರೆ ಡಿಂಗಲ್ ಗೋಡೆ ಮೇಲಿದ್ದ ಒಂದು ಫೋಟೋ ತೋರಿಸುತ್ತಿದ್ದರು. ಆಕಾಶದಿಂದ ತೆಗೆದ ಭೂಮಿಯ ಚಿತ್ರ.

ಆದ್ದರಿಂದ ನಿಮ್ಮ ಸಂಸದರು ಯಾವ ಸಮಿತಿಯಲ್ಲಿ ಯಾವಾಗ ಇದ್ದರು ಅಂತ ಮೊದಲು ಒಂದು ಹಾಳೆಯಲ್ಲಿ ಬರೆಯಿರಿ. ಆಮೇಲೆ ಆ ವರ್ಷಗಳಲ್ಲಿ ಆ ಸಮಿತಿಯಿಂದ ಏನು ಹೊರಗೆ ಬಂತು ನೋಡಿ. ಏನು ಹೊರಗೆ ಬರಲಿಲ್ಲ ಅನ್ನುವುದನ್ನು ಇನ್ನೂ ಚೆನ್ನಾಗಿ ನೋಡಿ. ಡಿಂಗಲ್ ವಿಷಯದಲ್ಲಿ ಇದರಿಂದ ಎರಡು ಬೇರೆ ಬೇರೆ ಮನುಷ್ಯರು ಸಿಗುತ್ತಾರೆ.

1973ರವರು ಒಬ್ಬರು. ಆಗ ಅವರು ಮೀನುಗಾರಿಕೆ ಮತ್ತು ವನ್ಯಜೀವಿ ಉಪಸಮಿತಿಯ ಅಧ್ಯಕ್ಷರು. ಅಳಿವಿನಂಚಿನ ಜೀವಿಗಳನ್ನು ಉಳಿಸುವ ಕಾಯ್ದೆಯನ್ನು ಹೌಸಿನಲ್ಲಿ ದಾಟಿಸಿದವರು ಇವರೇ, ಕೊನೆಯ ಮತ 355ಕ್ಕೆ 4. ಅದಕ್ಕೂ ಮುಂಚೆ, ದೊಡ್ಡ ಸರ್ಕಾರಿ ಕೆಲಸ ಶುರು ಮಾಡುವ ಮೊದಲು ಪರಿಸರದ ಮೇಲೆ ಅದರ ಪರಿಣಾಮ ಏನು ಅಂತ ಬರೆದು ಕೊಡಬೇಕು ಅನ್ನುವ ಕಾಯ್ದೆಯಲ್ಲೂ ಇವರ ಕೈ ಇತ್ತು. ಅದಕ್ಕೆ ಅಧ್ಯಕ್ಷ ನಿಕ್ಸನ್ ಸಹಿ ಹಾಕಿದ್ದು 1970ರ ಜನವರಿ 1ರಂದು. ಇವರು ಬೇಟೆಗಾರರು, ಕಾಡು ಸುತ್ತಿದವರು, ಓದುವ ದಿನಗಳಲ್ಲಿ ಬೇಸಿಗೆಗೆ ಪಾರ್ಕ್ ರೇಂಜರ್ ಆಗಿ ದುಡಿದವರು. ಹೊಂದುತ್ತದೆ, ಅಲ್ವಾ?

1980ರ ದಶಕದವರು ಇನ್ನೊಬ್ಬರು. ಗಾಳಿ ಶುದ್ಧ ಮಾಡುವ ಕಾಯ್ದೆಯನ್ನು ಬಿಗಿ ಮಾಡೋಣ ಅಂತ ಬಂದ ಪ್ರಯತ್ನಗಳನ್ನು ವರ್ಷಗಟ್ಟಲೆ ತಡೆದು ಕೂತವರು ಇದೇ ಡಿಂಗಲ್. ಏಕೆ ಅಂದರೆ ಕಾರಿನ ಹೊಗೆ. ಅವರ ಕ್ಷೇತ್ರದಲ್ಲಿ ಡಿಯರ್‌ಬಾರ್ನ್ ಇತ್ತು, ಡಿಯರ್‌ಬಾರ್ನ್‌ನಲ್ಲಿ ಫೋರ್ಡ್ ಕಂಪನಿಯ ಮುಖ್ಯ ಕಚೇರಿಯೂ ರೂಜ್ ಕಾರ್ಖಾನೆಯೂ ಇತ್ತು. ಹೊಗೆಯ ನಿಯಮ ಬಿಗಿಯಾದರೆ ಕಾರ್ಖಾನೆಯ ಕೆಲಸ ಹೋಗುತ್ತದೆ ಅನ್ನುವುದು ಅವರ ವಾದ. ಎದುರಿಗೆ ನಿಂತವರು ಅವರದ್ದೇ ಪಕ್ಷದ, ಅವರದ್ದೇ ಸಮಿತಿಯ ಹೆನ್ರಿ ವ್ಯಾಕ್ಸ್‌ಮನ್. ಅವರ ಊರು ಲಾಸ್ ಏಂಜಲೀಸ್, ಹೊಗೆಮಂಜಿಗೆ ಹೆಸರಾದ ಊರು. ಒಬ್ಬರು ಕಾರು ತಯಾರಾಗುವ ಊರಿನವರು, ಇನ್ನೊಬ್ಬರು ಆ ಕಾರು ಬಿಟ್ಟ ಹೊಗೆ ಕುಡಿಯುವ ಊರಿನವರು. ಜಗಳ ಸುಮಾರು ದಶಕ ಎಳೆಯಿತು, 1989ರಲ್ಲಿ ರಾಜಿ ಆಯಿತು, 1990ರಲ್ಲಿ ಕಾಯ್ದೆ ಬಂತು. ಆದರೆ ಮನಸ್ಸಿನ ಜಗಳ ಮುಗಿದಿರಲಿಲ್ಲ. 2008ರ ನವೆಂಬರಿನಲ್ಲಿ, ಒಬಾಮಾ ಗೆದ್ದ ಎರಡು ವಾರಕ್ಕೆ, ವ್ಯಾಕ್ಸ್‌ಮನ್ ಪಕ್ಷದೊಳಗೆ ಮತಕ್ಕೆ ಹಾಕಿಸಿ ಡಿಂಗಲ್‌ರನ್ನು ಸಮಿತಿಯ ಅಧ್ಯಕ್ಷ ಕುರ್ಚಿಯಿಂದ ಇಳಿಸಿದರು. 137ಕ್ಕೆ 122. ಹಿರಿಯರು ಅನ್ನುವ ಮರ್ಯಾದೆ ಉಳಿಸಲಿಲ್ಲ.

ಇಲ್ಲಿ ಬರೆಯುವವರಿಗೆ ಒಂದು ಆಸೆ ಹುಟ್ಟುತ್ತದೆ, ಪರಿಸರವಾದಿ ಅಂತಲೋ ಕಾರ್ ಕಂಪನಿಗಳ ಮನುಷ್ಯ ಅಂತಲೋ ಒಂದು ಚೀಟಿ ಅಂಟಿಸಿಬಿಡೋಣ ಅಂತ. ಬೇಡ. ಎರಡನ್ನೂ ಪಕ್ಕಪಕ್ಕ ಇಡಿ, ನಡುವೆ ಕ್ಷೇತ್ರದ ನಕ್ಷೆ ಇಡಿ, ಸಾಕು. ಅವರ ಎರಡನೇ ಹೆಂಡತಿ ಡೆಬ್ಬಿ ಜನರಲ್ ಮೋಟರ್ಸ್‌ನಲ್ಲಿ ದೊಡ್ಡ ಹುದ್ದೆಯಲ್ಲಿದ್ದರು ಅನ್ನುವುದನ್ನೂ ಹೇಳಿ, ಮುಚ್ಚಿಡುವ ವಿಷಯ ಅಲ್ಲ. ಬಂದೂಕಿನದ್ದೂ ಇದೇ ಕಥೆ. ಬಂದೂಕು ಹಕ್ಕಿಗಾಗಿ ಹೋರಾಡುವ ನ್ಯಾಷನಲ್ ರೈಫಲ್ ಅಸೋಸಿಯೇಷನ್‌ನ ಆಡಳಿತ ಮಂಡಳಿಯಲ್ಲಿದ್ದರು, 1994ರಲ್ಲಿ ಕೆಲವು ಬಗೆಯ ಬಂದೂಕುಗಳ ನಿಷೇಧವೂ ಸೇರಿದ್ದ ಕ್ರೈಂ ಮಸೂದೆಗೆ ಮತ ಹಾಕಿ ಆ ಮಂಡಳಿ ಬಿಟ್ಟರು.

ತನಿಖೆಗಳ ಬಗ್ಗೆ ಬರೆಯುವಾಗ ಇನ್ನೂ ಹುಷಾರಾಗಿರಬೇಕು. ಡಿಂಗಲ್ ಹೆಸರು ಕೇಳಿದರೆ ಅಧಿಕಾರಿಗಳು ನಡುಗುತ್ತಿದ್ದ ಕಾಲ ಇತ್ತು. ಅವರಿಂದ ಬರುತ್ತಿದ್ದ ಪ್ರಶ್ನೆಗಳ ಪತ್ರಕ್ಕೆ ಡಿಂಗಲ್‌ಗ್ರಾಂ ಅಂತಲೇ ಅಡ್ಡಹೆಸರು ಬಿತ್ತು. ಅಧ್ಯಕ್ಷ ರೇಗನ್ ಅವರ ಆಪ್ತ ಮೈಕಲ್ ಡೀವರ್ ಡಿಂಗಲ್ ಅವರ ತನಿಖಾ ಉಪಸಮಿತಿ ಮುಂದೆ ಸುಳ್ಳು ಹೇಳಿದ್ದಕ್ಕೆ 1987ರಲ್ಲಿ ಕೋರ್ಟಿನಲ್ಲಿ ತಪ್ಪಿತಸ್ಥರಾದರು. ಇದು ಗೆಲುವಿನ ಪಟ್ಟಿಗೆ. ಆದರೆ ಮುಂದಿನದ್ದು ನೋಡಿ. ವಿಜ್ಞಾನಿ ತೆರೇಜಾ ಇಮಾನಿಷಿ-ಕಾರಿ ಪ್ರಯೋಗದ ಅಂಕಿಗಳನ್ನು ಸುಳ್ಳು ಬರೆದಿದ್ದಾರೆ ಅನ್ನುವ ಆರೋಪವನ್ನು ಡಿಂಗಲ್ ಕೈಗೆತ್ತಿಕೊಂಡರು. ಆ ಸಂಶೋಧನಾ ಪ್ರಬಂಧದಲ್ಲಿ ಹೆಸರಿದ್ದ ನೊಬೆಲ್ ವಿಜ್ಞಾನಿ ಡೇವಿಡ್ ಬಾಲ್ಟಿಮೋರ್ ಆಕೆಯ ಪರ ನಿಂತರು, ಅದೇ ಗದ್ದಲದಲ್ಲಿ 1991ರಲ್ಲಿ ರಾಕ್‌ಫೆಲರ್ ವಿಶ್ವವಿದ್ಯಾಲಯದ ಅಧ್ಯಕ್ಷ ಸ್ಥಾನ ಬಿಡಬೇಕಾಯಿತು. 1996ರಲ್ಲಿ ಮೇಲ್ಮನವಿ ಮಂಡಳಿ 19 ಆರೋಪಗಳಲ್ಲಿ ಒಂದೂ ನಿಲ್ಲುವುದಿಲ್ಲ ಅಂತ ಆಕೆಯನ್ನು ಬಿಡುಗಡೆ ಮಾಡಿತು. ಹತ್ತು ವರ್ಷ ಒಬ್ಬ ವಿಜ್ಞಾನಿಯ ಬದುಕು ಹಾಳಾಯಿತು. ಹೊಗಳಿಕೆಯ ಲೇಖನಗಳಲ್ಲಿ ಇದು ಕಾಣುವುದೇ ಇಲ್ಲ, ಇದ್ದರೂ ವಿಚಾರಣೆ ದಿನದ ಸುದ್ದಿ ಇರುತ್ತದೆ, ತೀರ್ಪಿನ ಸುದ್ದಿ ಇರುವುದಿಲ್ಲ. ಹಾಗಾಗಿ ಯಾವುದೇ ತನಿಖೆ ಸಿಕ್ಕಿದರೂ ಐದಾರು ವರ್ಷ ಮುಂದಕ್ಕೆ ಹೋಗಿ ಹುಡುಕಿ, ಕೊನೆಗೆ ಏನಾಯಿತು ಅಂತ.

ಮತಗಳನ್ನು ಹೇಗೆ ಓದುವುದು? ನಮ್ಮಲ್ಲಿ 1985ರಿಂದ ಪಕ್ಷಾಂತರ ಕಾಯ್ದೆ ಇದೆ, ವಿಪ್ ಬಂದ ಮೇಲೆ ಸಂಸದರು ಹಾಕುವ ಮತ ಪಕ್ಷದ್ದು. ಅಮೆರಿಕದಲ್ಲಿ ಅಂಥ ಕಾಯ್ದೆ ಇಲ್ಲ. ಪಕ್ಷದ ವಿರುದ್ಧ ಮತ ಹಾಕಿದರೆ ನಾಯಕರಿಗೆ ಸಿಟ್ಟು ಬರಬಹುದು, ಸದಸ್ಯತ್ವ ಹೋಗುವುದಿಲ್ಲ. ಹಾಗಾಗಿ ಅಲ್ಲಿ ಒಬ್ಬೊಬ್ಬರ ಮತವೂ ಅವರವರ ಸಹಿ ಇದ್ದ ಹಾಗೆ. ಹೌಸ್ ಕ್ಲರ್ಕ್ ಕಚೇರಿಯ ತಾಣದಲ್ಲಿ 1990ರಿಂದ ಈಚಿನ ಮತಗಳು ಹೆಸರಿನ ಸಮೇತ ಸಿಗುತ್ತವೆ, ಅದಕ್ಕೂ ಹಳೆಯವು ವೋಟ್‌ವ್ಯೂ ಅನ್ನುವ ತಾಣದಲ್ಲಿವೆ. ಆದರೆ 1970ಕ್ಕೆ ಮುಂಚೆ ತಿದ್ದುಪಡಿಗಳ ಮೇಲಿನ ಎಷ್ಟೋ ಮತ ಬರೀ ತಲೆ ಎಣಿಸಿ ಮುಗಿಯುತ್ತಿತ್ತು, ಯಾರು ಯಾವ ಕಡೆ ಅಂತ ಕಾಗದದಲ್ಲಿ ಉಳಿದಿಲ್ಲ. 1960ರ ದಶಕದ ಬಗ್ಗೆ "ಯಾವಾಗಲೂ ಪರವಾಗಿದ್ದರು" ಅಂತ ಬರೆಯುವ ಮೊದಲು ಇದು ನೆನಪಿರಲಿ.

ಭಾಷಣ ಓದಲೇಬೇಕು ಅಂದರೆ ಕಾಂಗ್ರೆಷನಲ್ ರೆಕಾರ್ಡ್, ಅಂದರೆ ಸದನದ ಮಾತುಗಳ ಅಚ್ಚಾದ ದಾಖಲೆ ಇದೆ, 1873ರಿಂದ ಇದೆ. ಅದನ್ನು ಕಣ್ಣುಮುಚ್ಚಿ ನಂಬಬೇಡಿ. ಸದಸ್ಯರು ಮಾತಾಡಿದ್ದನ್ನು ಆಮೇಲೆ ತಿದ್ದಬಹುದು, ಮಾತಾಡದೇ ಇದ್ದದ್ದನ್ನು ಸೇರಿಸಲೂಬಹುದು. ಲೂಸಿಯಾನಾದ ಸಂಸದ ಹೇಲ್ ಬಾಗ್ಸ್ ಇದ್ದ ವಿಮಾನ 1972ರ ಅಕ್ಟೋಬರ್ 16ರಂದು ಅಲಾಸ್ಕಾದಲ್ಲಿ ಕಾಣೆಯಾಯಿತು. ಅಕ್ಟೋಬರ್ 18ರ ರೆಕಾರ್ಡ್ ತೆಗೆದು ನೋಡಿದರೆ, ಅವರು ಸದನದಲ್ಲಿ ನಿಂತು ಮಾತಾಡಿದ ಹಾಗೆ ಭಾಷಣ ಅಚ್ಚಾಗಿದೆ! 1978ರಿಂದ ಈ ತರ ಸೇರಿಸಿದ ಭಾಗಕ್ಕೆ ಗುರುತು ಹಾಕುವ ಕ್ರಮ ಬಂತು.

ಇನ್ನು ಕಾಂಗ್ರೆಸ್ ಡಾಟ್ ಗವ್ ತಾಣದಲ್ಲಿ ಒಬ್ಬರ ಹೆಸರು ಹಾಕಿದರೆ ಅವರು ಮಂಡಿಸಿದ ಮಸೂದೆಗಳು ಬರುತ್ತವೆ. ಆ ಎಣಿಕೆಯನ್ನು ಸಾಧನೆ ಅಂದುಕೊಳ್ಳಬೇಡಿ. ಇದಕ್ಕೆ ಡಿಂಗಲ್ ಅವರ ಆರೋಗ್ಯ ವಿಮೆಯ ಕಥೆಗಿಂತ ಒಳ್ಳೆ ಉದಾಹರಣೆ ಇಲ್ಲ. ಅಪ್ಪನ 1943ರ ಮಸೂದೆ ಬಿದ್ದುಹೋಗಿತ್ತು, ಮಗ ಅದನ್ನು ಬಿಡಲಿಲ್ಲ. ಪ್ರತಿ ಹೊಸ ಕಾಂಗ್ರೆಸ್ ಕೂತಾಗಲೂ, ಎರಡು ವರ್ಷಕ್ಕೊಮ್ಮೆ, ಎಲ್ಲರಿಗೂ ವಿಮೆ ಅನ್ನುವ ಮಸೂದೆಯನ್ನು ಮತ್ತೆ ಮಂಡಿಸಿದರು. ಬೀಳುತ್ತದೆ ಅಂತ ಗೊತ್ತು, ಆದರೂ ಮಂಡಿಸಿದರು. 1965ರ ಏಪ್ರಿಲ್ 8ರಂದು ವಯಸ್ಸಾದವರಿಗೆ ವಿಮೆ ಕೊಡುವ ಮೆಡಿಕೇರ್ ಮಸೂದೆ ಹೌಸಿನಲ್ಲಿ ಪಾಸಾದಾಗ ಅಧ್ಯಕ್ಷ ಪೀಠದಲ್ಲಿ ಕೂತು ಸುತ್ತಿಗೆ ಹಿಡಿದಿದ್ದವರು ಇವರು. ಆ ಮರದ ಸುತ್ತಿಗೆಯನ್ನು ಇಟ್ಟುಕೊಂಡಿದ್ದರು. 45 ವರ್ಷ ಆದ ಮೇಲೆ, 2010ರ ಮಾರ್ಚ್ 21ರಂದು, ಒಬಾಮಾ ಅವರ ಆರೋಗ್ಯ ಮಸೂದೆ 219ಕ್ಕೆ 212ರಲ್ಲಿ ಪಾಸಾದಾಗ ಸ್ಪೀಕರ್ ನ್ಯಾನ್ಸಿ ಪೆಲೋಸಿ ಬಡಿದದ್ದು ಅದೇ ಸುತ್ತಿಗೆಯನ್ನು. ಎರಡು ದಿನಕ್ಕೆ ಒಬಾಮಾ ಸಹಿ ಹಾಕುವಾಗ ಡಿಂಗಲ್ ಪಕ್ಕದಲ್ಲೇ ಕೂತಿದ್ದರು.

ಆದರೆ ತಾಣದಲ್ಲಿ ಹುಡುಕಿದರೆ ಆ ಕಾಯ್ದೆಯನ್ನು ಮಂಡಿಸಿದವರ ಜಾಗದಲ್ಲಿ ಡಿಂಗಲ್ ಹೆಸರಿಲ್ಲ! 2009ರ ನವೆಂಬರಿನಲ್ಲಿ ಹೌಸ್ ಪಾಸು ಮಾಡಿದ ಮಸೂದೆ ಡಿಂಗಲ್ ಹೆಸರಿನದ್ದು, ಅದು ಮುಂದೆ ಹೋಗಲಿಲ್ಲ. ಸೆನೆಟ್ ಏನು ಮಾಡಿತು ಅಂದರೆ, ಚಾರ್ಲ್ಸ್ ರ‍್ಯಾಂಗಲ್ ಮಂಡಿಸಿದ್ದ, ಸೈನಿಕರ ಮನೆ ಖರೀದಿಯ ತೆರಿಗೆ ಬಗ್ಗೆ ಇದ್ದ ಒಂದು ಬೇರೆಯೇ ಮಸೂದೆ ತೆಗೆದುಕೊಂಡು, ಒಳಗಿನದ್ದನ್ನೆಲ್ಲ ಖಾಲಿ ಮಾಡಿ, ತನ್ನ ಆರೋಗ್ಯ ಮಸೂದೆಯನ್ನು ಅದರೊಳಗೆ ತುಂಬಿತು. ತೆರಿಗೆ ವಿಷಯ ಇರುವ ಮಸೂದೆ ಹೌಸಿನಲ್ಲೇ ಹುಟ್ಟಬೇಕು ಅನ್ನುವ ನಿಯಮ ಇರುವುದರಿಂದ ಈ ಉಪಾಯ. ಡಬ್ಬಿ ಹೌಸಿನದ್ದು, ಊಟ ಸೆನೆಟಿನದ್ದು. ಹೀಗಾಗಿ ಬರೀ ಹೆಸರು ಎಣಿಸಿದರೆ 50 ವರ್ಷ ಇದಕ್ಕಾಗಿ ಓಡಾಡಿದವರು ಲೆಕ್ಕಕ್ಕೇ ಬರುವುದಿಲ್ಲ.

ಕೊನೆಯ ವರ್ಷಗಳನ್ನು ಬೇಗ ಮುಗಿಸಿ. 2014ರ ಫೆಬ್ರುವರಿಯಲ್ಲಿ ಇನ್ನು ನಿಲ್ಲುವುದಿಲ್ಲ ಅಂದರು, ನವೆಂಬರಿನಲ್ಲಿ ಅಲ್ಲಿನ ಅತ್ಯುನ್ನತ ನಾಗರಿಕ ಗೌರವವಾದ ಪ್ರೆಸಿಡೆನ್ಷಿಯಲ್ ಮೆಡಲ್ ಆಫ್ ಫ್ರೀಡಂ ಬಂತು, ಆಮೇಲೆ ಟ್ವಿಟರ್‌ನಲ್ಲಿ ಚುಚ್ಚುಮಾತಿಗೆ ಹೊಸ ಹುಡುಗರ ನಡುವೆಯೂ ಹೆಸರಾದರು, 2019ರ ಫೆಬ್ರುವರಿ 7ರಂದು ಡಿಯರ್‌ಬಾರ್ನ್‌ನಲ್ಲಿ ತೀರಿಕೊಂಡರು, ವಯಸ್ಸು 92. ಸಮಾಧಿ ಆರ್ಲಿಂಗ್ಟನ್‌ನಲ್ಲಿ. ಅವರ ಸ್ಥಾನಕ್ಕೆ ಬಂದದ್ದು ಹೆಂಡತಿ ಡೆಬ್ಬಿ. ಅಪ್ಪ, ಮಗ, ಸೊಸೆ ಅಂತ 1933ರಿಂದ ಒಂದೇ ಮನೆತನ. ಇದನ್ನು ಹೊಗಳಬೇಕೋ ಬೈಯಬೇಕೋ ಓದುವವರೇ ತೀರ್ಮಾನ ಮಾಡಲಿ, ನನಗಂತೂ ಮುಜುಗರವೇ. ನಮ್ಮ ಓದುಗರಿಗೆ ಆ ಊರು ಹತ್ತಿರ ಆಗಬೇಕು ಅಂದರೆ ಒಂದು ಸಾಲು ಸೇರಿಸಬಹುದು. 2023ರಿಂದ ಡೆಟ್ರಾಯಿಟ್‌ನ ಒಂದು ಕ್ಷೇತ್ರದಿಂದ ಹೌಸಿನಲ್ಲಿ ಕೂತ ಶ್ರೀ ಠಾಣೇದಾರ್ ಬೆಳೆದದ್ದು ನಮ್ಮ ಬೆಳಗಾವಿಯಲ್ಲಿ.

ಲೇಖನ ಎಲ್ಲಿಂದ ಶುರು ಮಾಡಬೇಕು ಅನ್ನುವುದು ಉಳಿಯಿತು. ಹುಟ್ಟಿದ ದಿನದಿಂದ ಬೇಡ, ಕೊಟ್ಟ ಪದಕದಿಂದಲೂ ಬೇಡ. ಆ ಮನುಷ್ಯ ಆ ಕಟ್ಟಡದೊಳಗೆ ಮೊದಲ ಸಲ ಏನೋ ಒಂದು ಮಾಡಿದ ಗಳಿಗೆ ಹುಡುಕಿ. ನನಗೆ ಸಿಕ್ಕಿದ್ದು 1941ರ ಡಿಸೆಂಬರ್ 8. ಪರ್ಲ್ ಹಾರ್ಬರ್ ಮೇಲೆ ಬಾಂಬ್ ಬಿದ್ದ ಮರುದಿನ. 15 ವರ್ಷದ ಡಿಂಗಲ್ ಆಗ ಹೌಸಿನಲ್ಲಿ ಪೇಜ್, ಅಂದರೆ ಸದಸ್ಯರ ಕಾಗದ ಪತ್ರ ಹೊತ್ತು ಓಡಾಡುವ ಹುಡುಗ. ಒಬ್ಬ ರೇಡಿಯೋ ವರದಿಗಾರರ ರೆಕಾರ್ಡಿಂಗ್ ಯಂತ್ರ ನೋಡಿಕೊಳ್ಳುವ ಕೆಲಸ ಅವತ್ತು ಇವರಿಗೆ ಬಿದ್ದಿತ್ತು. ಅಧ್ಯಕ್ಷ ರೂಸ್‌ವೆಲ್ಟ್ ಭಾಷಣ ಮುಗಿದ ಮೇಲೆ ಯಂತ್ರ ನಿಲ್ಲಿಸಬೇಕಿತ್ತು. ಹುಡುಗ ನಿಲ್ಲಿಸಲಿಲ್ಲ. ಹಾಗಾಗಿ ಯುದ್ಧದ ಚರ್ಚೆ ಧ್ವನಿಯಲ್ಲಿ ಉಳಿಯಿತು, ಮಾತಾಡಲು ಅವಕಾಶ ಕೊಡಿ ಅಂತ ಸದಸ್ಯೆ ಜೆನೆಟ್ ರ‍್ಯಾಂಕಿನ್ ಎದ್ದು ನಿಂತದ್ದು, ಸ್ಪೀಕರ್ ಕೊಡದೇ ಇದ್ದದ್ದು, ಎಲ್ಲ. ಮತ 388ಕ್ಕೆ 1. ಆ ಒಂದು ರ‍್ಯಾಂಕಿನ್ ಅವರದ್ದು.

ಎರಡನೇ ಸಲ ಬರೆದದ್ದನ್ನು ಅಲ್ಲಿಂದ ಶುರು ಮಾಡಿ ಅದೇ ಗೆಳೆಯನಿಗೆ ಕಳಿಸಿದೆ. ಅರ್ಧ ಗಂಟೆಗೆ ಉತ್ತರ ಬಂತು: "ಇದು ಚೆನ್ನಾಗಿದೆ. ಆ ಒಬ್ಬಂಟಿ ಹೆಂಗಸು ಯಾರು? ಮೊದಲು ಅವರ ಬಗ್ಗೆ ಬರಿ."